ಹಟ್ಟಿಯ ವರ್ಕ್‌ಶಾಪಿಗೆ ಸಾಲುದೀಪ

ನಮ್ಮ ಹಳೆಯ ಹಟ್ಟಿಯಲ್ಲಿ ಈಗ ದನಗಳಿಲ್ಲ, ಮೋಟಾರುಗಳಿವೆ. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ಮಾರ್ಗದಿಂದ ತುಸು ಒಳಗೆ, ಅಡಿಕೆ ತೋಟದ ಮೇಲ್ಬದಿಯಲ್ಲಿ, 20 ಅಡಿ ಉದ್ದ 14 ಅಡಿ ಅಗಲದ ಹಂಚಿನ ಮಾಡು. ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು, ನನ್ನ ಮುಖ್ಯ ಕೆಲಸ. ಜೊತೆಗೆ ಮದ್ದು ಬಿಡುವ ಪಂಪಿನ ರಿಪೇರಿ, ಅಡಿಕೆ ಸುಲಿಯುವ ಯಂತ್ರಕ್ಕೆ ಬೇರಿಂಗ್ ಹಾಕುವುದು, ಸಣ್ಣದೊಂದು ಲೇತಿನಲ್ಲಿ ಬುಶ್ ಕಡೆಯುವುದು. ಬೇಸಿಗೆಯಲ್ಲಿ ಎಲ್ಲರ ತೋಟದಲ್ಲೂ ಸ್ಪ್ರಿಂಕ್ಲರ್ ಓಡಿ ವೋಲ್ಟೇಜ್ ಇಳಿದಾಗ ಸುಟ್ಟ ಮೋಟಾರುಗಳು ಬರುತ್ತವೆ. ಮಳೆ ಹಿಡಿಯಿತೆಂದರೆ ಬೋರ್ಡೋ ಮದ್ದು ಬಿಡುವ ಪಂಪುಗಳ ಸರದಿ. ಆ ಕಾಲದಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಹಟ್ಟಿಯೊಳಗೆ ಕತ್ತಲೆ. ಮಾಡು ತಗ್ಗು, ಕಿಟಕಿ ಒಂದೇ, ಗೋಡೆಗೆ ವರ್ಷಗಳ ವಾರ್ನಿಶ್ ಹೊಗೆ.

ಇದ್ದದ್ದು ನಡುವಿನ ಅಡ್ಡಕ್ಕೆ ಕಟ್ಟಿದ ಎರಡು ಟ್ಯೂಬ್‌ಲೈಟ್, ಚೋಕ್ ಇರುವ ಹಳೆಯ ಬಗೆಯವು. ಸಂಜೆ ವೋಲ್ಟೇಜ್ ಕುಸಿದರೆ ಸ್ಟಾರ್ಟರ್ ಮಿಣುಕುತ್ತಲೇ ಇರುತ್ತಿತ್ತು, ಟ್ಯೂಬ್ ಹತ್ತುತ್ತಿರಲಿಲ್ಲ. ಆದರೆ ನನ್ನ ತಕರಾರು ಬೆಳಕು ಕಡಿಮೆ ಎಂಬುದಕ್ಕಿಂತ ಅದು ಬರುತ್ತಿದ್ದ ದಿಕ್ಕಿನದು. ಬೆಂಚು ಗೋಡೆಯ ಬದಿಗೆ, ಟ್ಯೂಬ್ ನನ್ನ ಬೆನ್ನ ಹಿಂದೆ. ಸ್ಟೇಟರಿನ, ಅಂದರೆ ಮೋಟಾರಿನ ತಿರುಗದ ಭಾಗದ, ಒಳಗೆ ಕಾಯಿಲ್ ಕೂರಿಸಲು ಬಗ್ಗಿದರೆ ನನ್ನ ತಲೆಯ ನೆರಳೇ ಸ್ಲಾಟಿನ ಮೇಲೆ ಬೀಳುತ್ತಿತ್ತು. ಎನಾಮೆಲ್ ತಂತಿಯ ಮೇಲೊಂದು ಸಣ್ಣ ಗೀರು ಬಿದ್ದದ್ದು ಕಾಣದೆ ಹೋದರೆ ಆ ಮೋಟಾರ್ ಎರಡು ವಾರದಲ್ಲಿ ಪುನಃ ನಮ್ಮ ಜಗಲಿಗೇ ಬರುತ್ತದೆ.

ಸುಟ್ಟ ಮೋಟಾರನ್ನು ಬಿಚ್ಚಿ ನೋಡುವಾಗಲೂ ಬಣ್ಣ ಸರಿಯಾಗಿ ಕಾಣಬೇಕು. ತ್ರೀ ಫೇಸ್ ಮೋಟಾರಿಗೆ ಬರುವ ಕರೆಂಟಿನಲ್ಲಿ ಒಂದು ಫೇಸ್ ಹೋಗಿ ಸುಟ್ಟದ್ದಾದರೆ, ಮೂರೂ ಫೇಸಿನ ಒಂದೊಂದು ತುದಿಯನ್ನು ಒಟ್ಟಿಗೆ ಕಟ್ಟುವ ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನ ಕಾಯಿಲುಗಳು ಕಪ್ಪಾಗಿ ಮೂರನೆಯದು ಹೊಸದರಂತೆ ಉಳಿದಿರುತ್ತದೆ. ತ್ರಿಕೋನದಂತೆ ಜೋಡಿಸುವ ಡೆಲ್ಟಾದಲ್ಲಿ ಇದು ತಿರುಗುಮುರುಗು: ಒಂದು ಕಪ್ಪು, ಎರಡು ಚೆನ್ನ. ಎಲ್ಲವೂ ಸಮನಾಗಿ ಕಂದಿದ್ದರೆ ಲೋಡ್ ಹೆಚ್ಚಾದದ್ದು ಅಥವಾ ವೋಲ್ಟೇಜ್ ಸಾಲದ್ದು. ತೋಟದವರಿಗೆ "ನಿಮ್ಮ ಫ್ಯೂಸ್ ನೋಡಿಸಿ" ಎನ್ನಬೇಕೋ "ಪಂಪ್ ನೋಡಿಸಿ" ಎನ್ನಬೇಕೋ ತೀರ್ಮಾನ ಆಗುವುದು ಈ ಬಣ್ಣದ ಮೇಲೆ. ಕಪ್ಪೂ ಕಡುಕಂದೂ ಒಂದೇ ಆಗಿ ಕಾಣುವ ಬೆಳಕಿನಲ್ಲಿ ಏನು ಹೇಳುವುದು?

ಸಾಲಾಗಿ ಜೋಡಿಸುವ ಎಲ್‌ಇಡಿ ದೀಪದ ಸುದ್ದಿ ತಂದವನು ಭಾವನ ಮಗ. ಅವನ ಮೊಬೈಲಿನಲ್ಲಿ ಅಮೆರಿಕದ ಯಾರದೋ ಗ್ಯಾರೇಜು. ನಾಲ್ಕು ಅಡಿಯ ದೀಪಗಳು, ಒಂದರ ತುದಿಗೆ ಇನ್ನೊಂದನ್ನು ಸಿಕ್ಕಿಸುತ್ತ ಹೋಗುವುದು, ಕೊನೆಗೆ ಒಂದೇ ಪ್ಲಗ್ಗು. ಒಂದು ಪಾಯಿಂಟಿನಿಂದ ಇಡೀ ಮಾಡು ಬೆಳಗುತ್ತದೆ. ನನಗೆ ಹಿಡಿಸಿದ್ದು ಅದೇ. ಹಂಚಿನ ಮಾಡಿನಲ್ಲಿ ಎಂಟು ಕಡೆ ಪೈಪ್ ಎಳೆದು ಎಂಟು ಪಾಯಿಂಟ್ ಮಾಡುವ ರಗಳೆ ಇಲ್ಲದೆ, ಬೆಳಕನ್ನು ಬೇಕಾದಲ್ಲಿಗೆ ಒಯ್ಯಬಹುದಲ್ಲ. ಆದರೆ ಆ ವಿಡಿಯೊದ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತರಲಾಗದು. ಅವರದು 120 ವೋಲ್ಟು, ನಮ್ಮದು 230. ಅಷ್ಟೇ ವಾಟಿಗೆ ಅಲ್ಲಿ ಹರಿಯುವ ಕರೆಂಟ್ ಇಲ್ಲಿಯದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು. ಸಾಲಿನ ಅಷ್ಟೂ ದೀಪಗಳ ಕರೆಂಟ್ ಮೊದಲನೆಯದರ ಪುಟ್ಟ ಕನೆಕ್ಟರಿನ ಮೂಲಕವೇ ಹಾದುಹೋಗಬೇಕು. ಎಷ್ಟು ಜೋಡಿಸಬಹುದು ಎಂಬ ಮಿತಿ ಇರುವುದು ಅದಕ್ಕೇ.

ಕಾಸರಗೋಡು ಪೇಟೆಯ ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು. ಒಂದಕ್ಕೆ ತುದಿಯಲ್ಲಿ ಎರಡೇ ಪಿನ್ನು, ಮೈ ಅಲ್ಯೂಮಿನಿಯಂ. ಇನ್ನೊಂದಕ್ಕೆ ಮೂರು ಪಿನ್ನು, ಅರ್ತ್ ಸಹಿತ. ಲೋಹದ ಮೈಗೆ ಅರ್ತ್ ಇಲ್ಲದ್ದನ್ನು, ಅದೂ ಹಂಚು ಸೋರುವ ಮಾಡಿನ ಕೆಳಗೆ, ನಾನು ಕಟ್ಟುವವನಲ್ಲ. ಮತ್ತೆ ಒಂದೊಂದನ್ನು ಹೊತ್ತಿಸಿ ಮೊಬೈಲ್ ಕ್ಯಾಮೆರಾ ಹಿಡಿದೆ. ಅಗ್ಗದ್ದರಲ್ಲಿ ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಿದವು. ಅದರೆದುರು ಪೆನ್ಸಿಲ್ ಬೀಸಿದರೆ ಒಂದು ಪೆನ್ಸಿಲ್ ಹತ್ತಾಗಿ ಕಾಣುತ್ತಿತ್ತು. ಅಂಗಡಿಯವರು ನಕ್ಕು, "ಎಂತ ಸಾರ್, ಮಂತ್ರ ಹಾಕ್ತೀರಾ?" ಎಂದರು.

ಮಂತ್ರವಲ್ಲ, ಲೇತಿನ ಭಯ. ನಮ್ಮ ಕರೆಂಟ್ 50 ಹರ್ಟ್ಸ್. ಚೋಕಿನ ಟ್ಯೂಬ್ ಸೆಕೆಂಡಿಗೆ 100 ಸಲ ಕುಗ್ಗಿ ಹಿಗ್ಗುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ತಿರುಗುವ ವಸ್ತುವಿನ ಮೇಲೆ ಗೊತ್ತಾಗುತ್ತದೆ. ಲೇತಿನಲ್ಲಿ ತುಂಡನ್ನು ಹಿಡಿಯುವ ನಾಲ್ಕು ದವಡೆಯ ಚಕ್ಕು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ, ಬೆಳಕು ಏರಿದಾಗಲೆಲ್ಲ ಒಂದು ದವಡೆ ಇದ್ದ ಜಾಗದಲ್ಲಿ ಇನ್ನೊಂದು ಬಂದು ನಿಂತಿರುತ್ತದೆ. ನೋಡುವವರಿಗೆ ಚಕ್ಕು ನಿಂತೇ ಇದೆ! ಹಾಗೆಂದು ಕೈ ಹಾಕಿದರೆ ಬೆರಳು ಉಳಿಯದು. ಹಿಂದೆ ದೊಡ್ಡ ವರ್ಕ್‌ಶಾಪುಗಳಲ್ಲಿ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಕೊಡುತ್ತಿದ್ದುದು ಈ ಕಾರಣಕ್ಕೆ. ಒಂದು ಕುಗ್ಗುವಾಗ ಇನ್ನೊಂದು ಹಿಗ್ಗಿರಲಿ ಎಂದು. ಎಲ್‌ಇಡಿಯಲ್ಲಿ ಕರೆಂಟನ್ನು ಹದ ಮಾಡಿಕೊಡುವ ಒಳಗಿನ ಡ್ರೈವರ್ ಒಳ್ಳೆಯದಿದ್ದರೆ ಈ ತಾಪತ್ರಯ ಇಲ್ಲ, ಕಳಪೆಯದಾದರೆ ಟ್ಯೂಬಿನಷ್ಟೇ ಕೆಟ್ಟದ್ದು.

ಕೊನೆಗೆ ಪಟ್ಟಿ ಓಡದ, ಮೂರು ಪಿನ್ನಿನ, 20 ವಾಟಿನವನ್ನು ಎಂಟು ತಂದೆ. ಒಂದೊಂದಕ್ಕೆ 2000 ಲುಮೆನ್ ಬೆಳಕು ಎಂದು ಪೆಟ್ಟಿಗೆಯ ಮೇಲಿತ್ತು. ಬಣ್ಣದ ವಿಷಯದಲ್ಲಿ ಅಂಗಡಿಯವರಿಗೂ ನನಗೂ ಸ್ವಲ್ಪ ಎಳೆದಾಟವಾಯಿತು. ಊರಿನಲ್ಲಿ ಎಲ್ಲರೂ ಒಯ್ಯುವುದು 6500 ಕೆಲ್ವಿನ್‌ನ ನೀಲಿ ಬಿಳಿ, "ಅದಕ್ಕೇ ಬೆಳಕು ಜಾಸ್ತಿ" ಎಂಬ ನಂಬಿಕೆ. ನಾನು ನೀಲಿ ಕಡಿಮೆ ಇರುವ 4000 ಕೆಲ್ವಿನ್ ಕೇಳಿದೆ. ತಾಮ್ರವೂ ವಾರ್ನಿಶ್ಶೂ ಅದರಲ್ಲಿ ತಮ್ಮ ಬಣ್ಣದಲ್ಲೇ ಕಾಣುತ್ತವೆ, ಸಂಜೆಯ ಹೊತ್ತಿಗೆ ಕಣ್ಣು ಉರಿಯುವುದೂ ಕಡಿಮೆ. ಒಳಗಿನ ಗೋಡೌನಿನಿಂದ ಹುಡುಕಿ ಕೊಟ್ಟರು.

ಕಟ್ಟಿದ್ದು ಮಳೆ ಬಿಟ್ಟುಬಿಟ್ಟು ಬರುತ್ತಿದ್ದ ಒಂದು ಆದಿತ್ಯವಾರ. ಅದಕ್ಕೆ ಮೊದಲೇ ಹುಡುಗನ ಕೈಯಲ್ಲಿ ಗೋಡೆಗೆ ಎರಡು ಕೈ ಸುಣ್ಣ ಬಳಿಸಿದ್ದೆ. ದೀಪಕ್ಕೆ ಸುರಿಯುವ ದುಡ್ಡಿನ ಎದುರು ಸುಣ್ಣ ಏನೂ ಅಲ್ಲ. ಕಪ್ಪು ಗೋಡೆ ಬೆಳಕನ್ನು ನುಂಗುತ್ತದೆ, ಬಿಳಿ ಗೋಡೆ ಅರ್ಧಕ್ಕಿಂತ ಹೆಚ್ಚನ್ನು ಹಿಂದಕ್ಕೆ ಕೊಡುತ್ತದೆ. ಎಲ್‌ಇಡಿ ಹಾಕುವವರಿಗೆಲ್ಲ ನಾನು ಈಗ ಮೊದಲು ಹೇಳುವುದು ಇದನ್ನು, ಯಾರೂ ಕೇಳುವುದಿಲ್ಲ.

ವಯರಿಂಗ್ ಮೇಸ್ತ್ರಿ ನೀರ್ಚಾಲಿನ ಕಡೆಯವರು. ಪೆಟ್ಟಿಗೆ ಬಿಚ್ಚಿ ನೋಡಿ ಖುಷಿಯಾದರು. "ಹತ್ತರವರೆಗೆ ಸೇರಿಸ್ಬಹುದು ಅಂತ ಬರೆದಿದೆ ಅಣ್ಣ. ಎಂಟೂ ಒಂದೇ ಸಾಲು ಮಾಡುವ, ಒಂದು ಸ್ವಿಚ್ಚು ಸಾಕು. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗೀತದೆ."

"ಬೇಡ ಮೇಸ್ತ್ರಿ. ಎರಡು ಸಾಲು ಮಾಡಿ, ನಾಲ್ಕು ನಾಲ್ಕು. ಎರಡಕ್ಕೂ ಬೇರೆ ಬೇರೆ ಫೇಸು."

"ಯಾಕೆ? ಲೋಡು ಉಂಟಾ ಇದಕ್ಕೆ?"

ಲೋಡ್ ಇಲ್ಲ ಎಂಬುದು ನಿಜ. ಎಂಟಕ್ಕೂ ಸೇರಿ 160 ವಾಟ್. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ತೀರ ಕೆಟ್ಟದಾಗಿ ಅರ್ಧವೇ ಎಂದಿಟ್ಟುಕೊಂಡರೂ ಒಂದೂವರೆ ಆಂಪಿಯರ್ ದಾಟದು. ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ಯಾವಾಗ ಯಾವ ಫೇಸ್ ಹೋಗುತ್ತದೆಂದು ಹೇಳುವಂತಿಲ್ಲ. ಮರದ ಗೆಲ್ಲು ಲೈನಿಗೆ ತಾಗಿದರೆ ಮುಗಿಯಿತು. ಮೋಟಾರ್ ಟೆಸ್ಟ್ ಮಾಡಲೆಂದು ಹೇಗೂ ತ್ರೀ ಫೇಸ್ ಇದೆ, ಒಂದು ಹೋದರೂ ಅರ್ಧ ಬೆಳಕು ಉಳಿಯಲಿ. ಮೇಸ್ತ್ರಿ ತಲೆ ಕೊಡವಿದರೂ ಒಪ್ಪಿದರು. ಎರಡು ಸಾಲುಗಳ ನಡುವೆ 400 ವೋಲ್ಟ್ ಇದೆಯೆಂಬ ನೆನಪಿಗೆ ಎರಡು ಪ್ಲಗ್ಗುಗಳಿಗೆ ಕೆಂಪು, ಹಳದಿ ಟೇಪ್ ಸುತ್ತಿದ್ದು ಅವರೇ. ಒಂದರ ದೀಪವನ್ನು ಇನ್ನೊಂದಕ್ಕೆ ಜೋಡಿಸುವ ಕೆಲಸಕ್ಕೆ ಯಾರೂ ಹೋಗಬಾರದು.

ಊಟಕ್ಕೆ ಮುಂಚೆ ಮುಗಿಯಲಿಲ್ಲ. ಕಟ್ಟುವ ಜಾಗಕ್ಕೇ ಹೊತ್ತು ಹೋಯಿತು. ಮೇಸ್ತ್ರಿ ಸಾಲನ್ನು ಪಕ್ಕಾಸಿನ ನಡುವೆ ಅಂದವಾಗಿ ಬರುವಂತೆ ಗುರುತು ಹಾಕಿದ್ದರು. ನಾನು ಬೆಂಚಿನೆದುರು ಬಗ್ಗಿ ನಿಂತೆ, ಹುಡುಗ ಉರಿಯುವ ದೀಪವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನಡೆದ. ತಲೆಯ ನೆರಳು ಸ್ಟೇಟರಿನಿಂದ ಜಾರಿ ನನ್ನ ಹೊಟ್ಟೆಯ ಮೇಲೆ ಬಿದ್ದಾಗ, "ಅಲ್ಲೇ, ಅಲ್ಲೇ" ಎಂದೆ. ಬೆಂಚಿನ ಮುಂದಿನ ಅಂಚಿನಿಂದ ಒಂದು ಗೇಣು ಒಳಗೆ, ಗೋಡೆಯ ಬದಿಗೆ ಬರುವ ಗೆರೆ ಅದು. ನೋಡಲು ಅಂದವಿಲ್ಲ, ಮಾಡಿನ ಒಂದೇ ಮಗ್ಗುಲಿಗೆ ಒತ್ತಿದಂತಿದೆ. ಎರಡನೆಯ ಸಾಲನ್ನು ಲೇತಿನ ಮೇಲಿಂದ ಎದುರು ಬದಿಗೆ ಎಳೆದೆವು. ಈಗ ಒಂದು ಸಾಲಿನ ನೆರಳನ್ನು ಇನ್ನೊಂದು ಅಳಿಸುತ್ತದೆ. ಹದಿನಾರು ಅಡಿ ಉದ್ದದ ಬೆಳಕಿಗೆ ಕೈ ಅಡ್ಡ ಹಿಡಿದರೆ ಗಟ್ಟಿ ನೆರಳು ಬೀಳುವುದೇ ಇಲ್ಲ, ಮಸುಕು ಮಾತ್ರ.

ಸೋರುವ ಹಂಚೊಂದರ ನೇರ ಕೆಳಗೆ ಜೋಡಣೆ ಬರುತ್ತಿತ್ತು. ಅಲ್ಲಿ ಗಟ್ಟಿ ಕನೆಕ್ಟರಿನ ಬದಲು ಒಂದಡಿಯ ವಯರಿನ ತುಂಡು ಹಾಕಿ, ಕನೆಕ್ಟರು ಎರಡೂ ಬದಿಗೆ ಸರಿಯುವಂತೆ ಮಾಡಿದೆವು. ಕಟ್ಟಲು ಕ್ಲಿಪ್ ಸ್ಕ್ರೂ ಸಾಕಾಯಿತು, ರೀಪಿಗೆ ಡ್ರಿಲ್ ಸಹ ಬೇಡ.

ಲೆಕ್ಕ ಹೇಳುವುದಾದರೆ, 26 ಚದರ ಮೀಟರಿಗೆ 16,000 ಲುಮೆನ್. ಅರ್ಧ ಗೋಡೆಗೂ ಮಾಡಿಗೂ ಹೋಯಿತೆಂದರೂ ಸರಾಸರಿ 300 ಲಕ್ಸ್, ಅಂದರೆ ಚದರ ಮೀಟರಿಗೆ 300 ಲುಮೆನ್, ದಕ್ಕುತ್ತದೆ. ಸಾಧಾರಣ ವರ್ಕ್‌ಶಾಪಿಗೆ ಅಷ್ಟು ಸಾಕು. ಸೂಕ್ಷ್ಮ ಕೆಲಸಕ್ಕೆ 500ರಿಂದ 750 ಬೇಕು, ಸಾಲು ಬೆಂಚಿನ ಮೇಲೇ ಇರುವುದರಿಂದ ಅಲ್ಲಿ ಸರಾಸರಿಗಿಂತ ಹೆಚ್ಚೇ ಬೀಳುತ್ತದೆ. ಹಳೆಯ ಟ್ಯೂಬ್ ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಅದರಲ್ಲಿ ಅರ್ಧ ಪಾಲು ಕರಿ ಹಂಚಿಗೆ ಹೋಗುತ್ತಿತ್ತು. ಎಲ್‌ಇಡಿ ಕೆಳಮುಖಕ್ಕೆ ಮಾತ್ರ ಚೆಲ್ಲುತ್ತದೆ.

ಎಲ್‌ಇಡಿ ಹಾಕಿದಿರಲ್ಲ, ಬಿಲ್ಲು ಎಷ್ಟು ಕಡಿಮೆಯಾಯಿತು ಎಂದು ಬಂದವರೆಲ್ಲ ಕೇಳುತ್ತಾರೆ. ಕಡಿಮೆ ಆಗಿಲ್ಲ, ತುಸು ಹೆಚ್ಚಾಗಿದೆ. 36 ವಾಟಿನ ಎರಡು ಟ್ಯೂಬು, ಚೋಕ್ ತಿನ್ನುವ ಹತ್ತು ಹತ್ತು ವಾಟ್ ಸೇರಿ 92. ಈಗ 160. ಮನೆಯ ಬಲ್ಬಿನ ಕಥೆ ಬೇರೆ. ಕೇರಳ ಸರಕಾರದ ಫಿಲಮೆಂಟ್ ರಹಿತ ಯೋಜನೆಯಲ್ಲಿ ವಿದ್ಯುತ್ ಮಂಡಳಿ ಕೆಎಸ್‌ಇಬಿ ಕೊಟ್ಟ 9 ವಾಟಿನ ಬಲ್ಬುಗಳಿಂದ ಉಳಿತಾಯ ಆದದ್ದು ಹೌದು, ನಮ್ಮದೇ ಜಿಲ್ಲೆಯ ಪೀಲಿಕ್ಕೋಡು ಪಂಚಾಯತ್ ಆ ವಿಷಯದಲ್ಲಿ ಮೊದಲು ಹೆಸರು ಮಾಡಿತ್ತು. ಅಲ್ಲಿ ಅಷ್ಟೇ ಬೆಳಕಿಗೆ ಕಡಿಮೆ ಕರೆಂಟ್. ನನಗೆ ಬೇಕಾದದ್ದು ಹೆಚ್ಚು ಬೆಳಕು.

ದೂರು ಒಂದಿದೆ. ಇದನ್ನು ಬಿಚ್ಚಿ ರಿಪೇರಿ ಮಾಡಲಾಗುವುದಿಲ್ಲ, ಒಳಗೆಲ್ಲ ಅಂಟು ಹಾಕಿ ಮುಚ್ಚಿದ್ದಾರೆ. ಸುಟ್ಟದ್ದನ್ನು ಪುನಃ ಸುತ್ತಿ ಜೀವನ ಮಾಡುವವನಿಗೆ ಎಸೆಯುವ ವಸ್ತುವನ್ನು ತಲೆಯ ಮೇಲೆ ಕಟ್ಟಿಕೊಳ್ಳುವುದು ಅಷ್ಟೊಂದು ಹಿತವಲ್ಲ. ಒಳಗಿನ ಜೋಡಣೆ ಪ್ಯಾರಲಲ್ ಆದ್ದರಿಂದ ಒಂದು ಕೆಟ್ಟರೂ ಮುಂದಿನವು ಉರಿಯುತ್ತವೆ, ಅಷ್ಟು ಸಮಾಧಾನ. ತುಲಾ ತಿಂಗಳ ಸಂಜೆಯ ಗುಡುಗಿಗೆ ಮಾತ್ರ ಈ ಸಾಲು ಬಹಳ ಒಳ್ಳೆಯದು. ಪಶ್ಚಿಮದಲ್ಲೋ ಪೂರ್ವದಲ್ಲೋ ಮೊದಲ ಗುಡುಗು ಕೇಳಿದ ಕೂಡಲೇ ಎರಡು ಪ್ಲಗ್ಗು ಕಿತ್ತರೆ ಎಂಟೂ ದೀಪ ಲೈನಿನಿಂದ ಬೇರೆ.

ಹಳೆಯ ಟ್ಯೂಬುಗಳಲ್ಲಿ ಒಂದನ್ನು ಒಡೆಯದೆ ಕಾಗದ ಸುತ್ತಿ ಇಟ್ಟೆವು, ಒಳಗೆ ಪಾದರಸ ಇರುತ್ತದೆ. ಪಂಚಾಯತಿನ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಇಂಥವನ್ನು ಒಯ್ಯಲು ಬಂದಾಗ ಕೊಡಬೇಕು. ಇನ್ನೊಂದನ್ನು ಮೇಸ್ತ್ರಿ ಬಿಚ್ಚಲು ಏಣಿ ಇಟ್ಟಾಗ ತಡೆದೆ. ಅದನ್ನು ಟೆಸ್ಟಿಂಗ್ ಮೇಜಿನ ಮೇಲಕ್ಕೆ ಕಟ್ಟಿಸಿದೆ.

"ಇದೆಂತಕೆ ಈ ಮುದುಕ?"

ನಾಲ್ಕು ಪೋಲಿನ, ಅಂದರೆ 50 ಹರ್ಟ್ಸಿಗೆ ನಿಮಿಷಕ್ಕೆ 1500 ಸುತ್ತಿನ ಲೆಕ್ಕದ, ಒಂದು ಮೋಟಾರನ್ನು ಮೇಜಿನ ಮೇಲಿಟ್ಟು, ಶಾಫ್ಟಿನ ತುದಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಲೋಡ್ ಇಲ್ಲದೆ ಓಡಿಸಿ, ಎಲ್‌ಇಡಿ ಎರಡೂ ಸಾಲು ಆರಿಸಿದೆ. ಟ್ಯೂಬಿನ ಬೆಳಕಿನಲ್ಲಿ ಒಂದು ಗೆರೆ ನಾಲ್ಕಾಗಿ, ನಾಲ್ಕೂ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದ್ದವು. ಮೋಟಾರ್ ಸರಿಯಾಗಿ 1500ರಲ್ಲಿ ತಿರುಗಿದ್ದರೆ ಅವು ನಿಂತಿರಬೇಕಿತ್ತು. ಒಂದು ಗೆರೆ ಪೂರ್ತಿ ಸುತ್ತು ಹಿಂದೆ ಬರಲು ಆರು ಸೆಕೆಂಡ್ ಹಿಡಿದರೆ, ಮೋಟಾರ್ ನಿಮಿಷಕ್ಕೆ ಹತ್ತು ಸುತ್ತು ಹಿಂದೆ ಬಿದ್ದಿದೆ, ಅಂದರೆ 1490. ಬೇರಿಂಗ್ ಬಿಗಿಯಾಗಿದ್ದರೆ ಗೆರೆಗಳ ಓಟದಲ್ಲೇ ಗೊತ್ತಾಗುತ್ತದೆ.

"ಅದಕ್ಕೆ ಮೀಟರ್ ಸಿಗ್ತದಲ್ಲ ಅಣ್ಣ," ಎಂದರು ಮೇಸ್ತ್ರಿ.

ಸಿಗುತ್ತದೆ. ಆದರೆ ಟ್ಯಾಕೋಮೀಟರ್ ಹೇಳುವುದು ವೇಗವನ್ನು ಮಾತ್ರ. ಲೈನಿನ ಫ್ರೀಕ್ವೆನ್ಸಿ 49.8ಕ್ಕೆ ಇಳಿದಿದ್ದರೆ ಲೆಕ್ಕ ಹಾಕಬೇಕಾದದ್ದು 1494ರಿಂದ. ಟ್ಯೂಬಿಗೂ ಮೋಟಾರಿಗೂ ಒಂದೇ ಲೈನಿನ ಕರೆಂಟು, ಫ್ರೀಕ್ವೆನ್ಸಿ ಏರಿದರೂ ಇಳಿದರೂ ಎರಡಕ್ಕೂ ಒಟ್ಟಿಗೇ. ಹಿಂದೆ ಬಿದ್ದ ಲೆಕ್ಕ ನೇರವಾಗಿ ಕಣ್ಣಿಗೇ ಸಿಗುತ್ತದೆ. ಒಂದೇ ಚಿಂತೆ, ಈ ಟ್ಯೂಬುಗಳಿಗೆ ಆಯುಷ್ಯ ಹೆಚ್ಚಿಲ್ಲ. ಪಾದರಸದ ಕಾರಣಕ್ಕೆ 2027ರ ಕೊನೆಯೊಳಗೆ ಇವುಗಳ ತಯಾರಿಕೆ ನಿಲ್ಲಬೇಕೆಂದು ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ನಿಶ್ಚಯಿಸಿವೆ. ಎರಡು ಟ್ಯೂಬು, ನಾಲ್ಕು ಸ್ಟಾರ್ಟರು ತಂದು ಅಟ್ಟದಲ್ಲಿಡಬೇಕು ಎಂದೆ.

ಮೇಸ್ತ್ರಿ ಗೆರೆಗಳನ್ನೇ ನೋಡುತ್ತಿದ್ದರು. "ಅಟ್ಟದಲ್ಲಿ ಯಾಕೆ ಇಡುದು? ಅಂಗಡಿಯಲ್ಲಿ ನೀವು ಬೇಡ ಹೇಳಿದ ಆ ಕಳಪೆ ಎಲ್‌ಇಡಿ ಉಂಟಲ್ಲ, ಅದನ್ನೇ ಒಂದು ತಂದ್ರಾಯ್ತು."