ಫೋರ್ಟ್ ವ್ಯಾಂಕೂವರ್‌ಗೆ ಹೋಗ್ತೀರಾ? ಮೊದಲು ಗೋಡೆಯ ಹೊರಗೆ ಸುತ್ತಿ

ಇದು ಕೆನಡಾದ ವ್ಯಾಂಕೂವರ್ ಅಲ್ಲ. ಪೋರ್ಟ್‌ಲ್ಯಾಂಡ್‌ನಿಂದ ಕೊಲಂಬಿಯಾ ನದಿ ದಾಟಿದರೆ ಸಿಗುವ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಊರು. ಅಲ್ಲಿರುವ ವ್ಯಾಪಾರದ ಕೋಟೆಯೇ ಫೋರ್ಟ್ ವ್ಯಾಂಕೂವರ್. ದಾಟುವುದೇ ಕಷ್ಟ. ನಮ್ಮ ಬಸ್ಸು ಸೇತುವೆ ಹತ್ತಿರ ಬಂದಾಗಲೇ ಯಾವುದೋ ಹಡಗಿಗೆ ದಾರಿ ಬಿಡಲು ಸೇತುವೆ ಮೇಲೆತ್ತಿದರು. ಎಸಿ ಕೆಟ್ಟಿತ್ತು, ಕಿಟಕಿ ತೆರೆಯುವ ಹಾಗಿರಲಿಲ್ಲ. ಮಗಳು ನನ್ನ ಮೇಲೇ ವಾಂತಿ ಮಾಡಿಕೊಂಡಳು. ಕಾರಿದ್ದರೆ ಕಾರಲ್ಲೇ ಹೋಗಿ.

ಕೋಟೆ ನೋಡಿ ಮೋಸ ಹೋದೆ ಅನ್ನಿಸಿತು. ಮರದ ಗೋಡೆ, ಮನೆ, ಎಲ್ಲಾ ಹೊಸದು! ಹಳೆಯದು 1866ರಲ್ಲೇ ಸುಟ್ಟುಹೋಗಿದೆ. ಆಮೇಲೆ ನೆಲ ಅಗೆದು, ಅಡಿಪಾಯದ ಗುರುತು ಹಿಡಿದು ಮತ್ತೆ ಕಟ್ಟಿದ್ದಾರೆ. ಮುನಿಸಿನಲ್ಲೇ ಕಮ್ಮಾರನ ಕುಲುಮೆಗೆ ಹೋದೆ. ಅಲ್ಲೊಬ್ಬ ಅಜ್ಜ ತಿದಿ ಒತ್ತಿ, ಕೆಂಪಾದ ಸರಳನ್ನು ನಾಲ್ಕೇ ಏಟಿಗೆ ಬಗ್ಗಿಸಿ ಕೊಕ್ಕೆ ಮಾಡಿದರು. ಮುನಿಸು ಇಳಿಯಿತು.

ಕಥೆ ಇಷ್ಟು. ಹಡ್ಸನ್ಸ್ ಬೇ ಎಂಬ ಬ್ರಿಟಿಷ್ ಚರ್ಮ ವ್ಯಾಪಾರದ ಕಂಪನಿಯವರು 1825ರ ಹೊತ್ತಿಗೆ ಇಲ್ಲಿ ನೆಲೆಯೂರಿದ್ದು ಬೀವರ್ ಎಂಬ ನದಿ ಪ್ರಾಣಿಯ ಚರ್ಮಕ್ಕಾಗಿ. ಯುರೋಪಿನವರಿಗೆ ಅದರ ತುಪ್ಪಳದ ಟೋಪಿ ಹುಚ್ಚು. ಆದರೆ ಚರ್ಮ ತಿನ್ನೋಕಾಗಲ್ಲವಲ್ಲ! ಊಟದ ಸಾಮಾನು ಲಂಡನ್ನಿನಿಂದ ಹಡಗಿನಲ್ಲಿ ತರಿಸಿದರೆ ಲಾಭವೆಲ್ಲ ಅದಕ್ಕೇ. ನೀವೇ ಬೆಳೆದುಕೊಳ್ಳಿ ಎಂದರು ಕಂಪನಿಯ ಗವರ್ನರ್ ಜಾರ್ಜ್ ಸಿಂಪ್ಸನ್. ಇಲ್ಲಿನ ಮುಖ್ಯಸ್ಥ ಡಾ. ಜಾನ್ ಮೆಕ್‌ಲಾಕ್ಲಿನ್ ಗೋಧಿ, ಬಟಾಣಿ, ಆಲೂಗಡ್ಡೆ ಹಾಕಿಸಿದರು, ದನ ಸಾಕಿಸಿದರು. 1839ರಲ್ಲಂತೂ ಅಲಾಸ್ಕಾದ ರಷ್ಯನ್ನರಿಗೆ ಗೋಧಿ, ಬೆಣ್ಣೆ ಮಾರುವ ಒಪ್ಪಂದವೇ ಆಯಿತು.

ಈ ಕೆಲಸವೆಲ್ಲ ಮಾಡಿದವರು ಮಲಗುತ್ತಿದ್ದದ್ದು ಗೋಡೆಯ ಹೊರಗಿನ ಹಳ್ಳಿಯಲ್ಲಿ. ಹವಾಯಿಯವರು, ಪೂರ್ವದ ಕಡೆಯ ಮೂಲನಿವಾಸಿಗಳಾದ ಇರಾಕ್ವಾಯ್ ಜನ, ಫ್ರೆಂಚ್ ಕೆನಡಿಯನ್ನರು, ಅವರ ಸ್ಥಳೀಯ ಹೆಂಡತಿಯರು. ಮಾತಿಗೆ ಚಿನೂಕ್ ವಾವಾ ಅನ್ನುವ ಬೆರಕೆ ಭಾಷೆ. ನಮ್ಮ ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳೇ ನೆನಪಾದವು. ಒಳಗೆ ಸಾಹೇಬರ ಮೇಜಿಗೆ ಇಂಗ್ಲೆಂಡಿನ ಸ್ಪೋಡ್ ಪಿಂಗಾಣಿ ತಟ್ಟೆ. 1830ರಿಂದ ಹಬ್ಬಿದ ಮಲೇರಿಯಾ ಜ್ವರಕ್ಕೆ ನದಿ ದಡದ ಮೂಲನಿವಾಸಿಗಳಲ್ಲಿ ಹೆಚ್ಚಿನವರು ಸತ್ತೇಹೋದರು. ಗೋಡೆಯ ಹೊರಗಿನ ಆ ಹಳ್ಳಿಯ ಜಾಗದಲ್ಲಿ ಈಗ ಹುಲ್ಲು, ಮತ್ತೆ ಕಟ್ಟಿದ ಒಂದೆರಡು ಮನೆ ಅಷ್ಟೇ. ಜನರೇ ಇರಲ್ಲ. ನನಗೆ ಅದೇ ಹಿತವಾಯಿತು.

ಊಟಕ್ಕೆ ಕೋಟೆಯ ಸುತ್ತ ಅಲೆಯಬೇಡಿ, ಪೇಟೆ ಕಡೆ ನಡೆಯಿರಿ. ನಮಗೆ ಸಿಕ್ಕಿದ್ದು ರಸ್ತೆ ಬದಿಯ ಒಂದು ಟ್ಯಾಕೋ (ಮೆಕ್ಸಿಕೋದ ರೊಟ್ಟಿ ತಿಂಡಿ) ಗಾಡಿ. ಮಾಂಸ ಬೇಡ ಅಂದಿದ್ದಕ್ಕೆ ಗಾಡಿಯಾಕೆ ಬೇರೆ ಹಂಚಿಟ್ಟು ಹುರುಳಿ ಕಾಳಿನಂಥ ಕಪ್ಪು ಕಾಳು, ಅನ್ನ, ಸುಟ್ಟ ಹಸಿಮೆಣಸಿನಕಾಯಿ ಸುತ್ತಿ ಕೊಟ್ಟರು. ಜೊತೆಗೆ ಕೊತ್ತಂಬರಿ ಚಟ್ನಿ, ನಿಂಬೆ ಹೋಳು. ಖಾರ ಅಂದ್ರೆ ಖಾರ! ಒಂದನ್ನೇ ಇಬ್ಬರು ತಿಂದೆವು. ಬೆಲೆ ಕೇಳಿ ಮತ್ತೊಂದು ಕಟ್ಟಿಸಿಕೊಂಡೆವು.

ಸಂಜೆ ಹೈವೇ ಮೇಲಿನ ಕಾಲುಸೇತುವೆ ದಾಟಿ ಸೇಬಿನ ಮರದ ಜಾಗಕ್ಕೆ ಹೋಗಿ. 1826ರಲ್ಲಿ ನೆಟ್ಟದ್ದು ಎನ್ನುತ್ತಾರೆ. 2020ರಲ್ಲಿ ಸತ್ತಿತು. ಹಳೇ ಬೇರಿನಿಂದ ಚಿಗುರಿದ ಗಿಡ ಉಳಿಸಿಕೊಂಡಿದ್ದಾರೆ. ಪಕ್ಕದಲ್ಲೇ ರೈಲು ಹಳಿ, ಗೂಡ್ಸ್ ಗಾಡಿ ಬಂದರೆ ಕಿವಿ ಮುಚ್ಚಿಕೊಳ್ಳಿ.