ಬೆಳೆ ಎಷ್ಟಾಯ್ತು ಅಂತ ಹೇಳುವ ಕುರ್ಚಿ ಯಾರದು?

ಐಸಿಎಆರ್‌ಗೆ, ಅಂದರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿಗೆ ಹೊಸ ಮಹಾನಿರ್ದೇಶಕರು ಬಂದರೆ ಪೇಪರಿನಲ್ಲಿ ಫೋಟೊ ಸಮೇತ ಸುದ್ದಿ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಎಂ.ಎಲ್. ಜಾಟ್ ಬಂದಾಗಲೂ ಬಂತು. ಕೃಷಿ ಕಾಲೇಜಿನಲ್ಲಿ ಓದಿದವರ ವಾಟ್ಸಾಪ್ ಗುಂಪುಗಳಲ್ಲಿ ಅಭಿನಂದನೆಗಳ ಸುರಿಮಳೆ, ಜೊತೆಗೆ ಅವರು ಯಾವ ವಿಭಾಗದವರು, ಯಾರ ಶಿಷ್ಯರು ಅನ್ನುವ ಚರ್ಚೆ. ಇರಲಿ, ಅದೂ ಬೇಕು.

ಆದರೆ ಅದೇ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿ ನೋಡಿ. ಈ ವರ್ಷ ದೇಶದಲ್ಲಿ ಇಷ್ಟು ಅಕ್ಕಿ, ಇಷ್ಟು ಗೋಧಿ, ಇಷ್ಟು ಜೋಳ ಬೆಳೆದಿದೆ ಅಂತ ಲೆಕ್ಕ ಕೊಡುವ ಕಚೇರಿಯ ಮುಖ್ಯಸ್ಥರು ಯಾರು? ಯಾರಿಗೂ ಗೊತ್ತಿರುವುದಿಲ್ಲ. ಆ ಲೆಕ್ಕದ ಮೇಲೆ ರಫ್ತು ನಿಲ್ಲುತ್ತದೆ, ಆಮದು ಸುಂಕ ಏರುತ್ತದೆ, ಇಳಿಯುತ್ತದೆ, ಮಂಡಿಯಲ್ಲಿ ದರ ಅಲ್ಲಾಡುತ್ತದೆ. ಕುರ್ಚಿ ಅಷ್ಟು ದೊಡ್ಡದು, ಕೂತವರ ಹೆಸರು ಮಾತ್ರ ಯಾರಿಗೂ ಬೇಡ. ನನಗೆ ಇದು ಬಹಳ ದಿನದಿಂದ ಕೊರೆಯುತ್ತಿರುವ ವಿಷಯ.

ಮೊದಲು ಸಂಶೋಧನೆಯ ಕುರ್ಚಿಯ ಕತೆ ಹೇಳಿಬಿಡುತ್ತೇನೆ. ಅಲ್ಲಿ ಸ್ವಲ್ಪವಾದರೂ ಸರಿಹೋಗಿದೆ.

ಮಲೆನಾಡಿನ ಅಡಿಕೆಯವರಿಗೆ ಲೆಸ್ಲಿ ಕೋಲ್ಮನ್ ಹೆಸರು ಗೊತ್ತಿದ್ದರೂ ಇರಬಹುದು. ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಬಂದರು. ಬಂದವರು ಬೆಂಗಳೂರಲ್ಲೇ ಕೂರಲಿಲ್ಲ. ಅಡಿಕೆಗೆ ಬರುವ ಕೊಳೆರೋಗ ಯಾಕೆ ಬರುತ್ತದೆ ಅಂತ ಮಳೆಗಾಲದ ಮಲೆನಾಡಿನಲ್ಲಿ ಹುಡುಕಿ, ಅದು ಒಂದು ಶಿಲೀಂಧ್ರದ ಕೆಲಸ ಅಂತ ತೋರಿಸಿದರು. ಅಲ್ಲಿಯವರೆಗೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡುವುದೇ ಉಪಾಯವಾಗಿತ್ತು. ಕೋಲ್ಮನ್ ಬೋರ್ಡೋ ದ್ರಾವಣ ಹೊಡೆಸಿ ತೋರಿಸಿದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇವತ್ತಿಗೂ ಮಳೆ ಹಿಡಿಯುವ ಮುಂಚೆ ಮರ ಹತ್ತುವ ಕೊನೆಗಾರನಿಗೆ ಕಾಯುತ್ತಾ, ಬ್ಯಾರಲ್ಲಿನಲ್ಲಿ ಅದನ್ನೇ ಕಲಕುತ್ತಾ ನಿಂತಿರುತ್ತಾರೆ ಅಲ್ವಾ?

ಇದೇ ಮನುಷ್ಯ 1913ರಲ್ಲಿ ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾದರು. ನಡುವೆ ಕೆಲವು ವರ್ಷ ಬಿಟ್ಟರೆ 1934ರವರೆಗೆ ಅವರೇ. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ, ಎಲ್ಲದರಲ್ಲೂ ಅವರ ಕೈ ಇದೆ. ಅವರ ಜಾಣತನ ಒಂದು ಕಡೆ, ಅವರಿಗೆ ಸಿಕ್ಕ ಕಾಲಾವಕಾಶ ಇನ್ನೊಂದು ಕಡೆ. ಒಂದು ತಳಿ ಮಾಡಿ ರೈತರ ಕೈಗೆ ಕೊಡಲು ಹತ್ತು ಹನ್ನೆರಡು ವರ್ಷ ಬೇಕು, ಎರಡೆರಡು ವರ್ಷಕ್ಕೆ ವರ್ಗವಾಗುವ ಅಧಿಕಾರಿ ಅದನ್ನು ಶುರು ಮಾಡಿಸಬಹುದು ಅಷ್ಟೆ, ಮುಗಿಯುವುದನ್ನು ನೋಡುವುದಿಲ್ಲ, ಆದ್ದರಿಂದ ಮುಗಿಯುತ್ತದೋ ಇಲ್ಲವೋ ಅನ್ನುವ ಚಿಂತೆಯೂ ಅವರಿಗೆ ಇರುವುದಿಲ್ಲ.

ದೆಹಲಿಯಲ್ಲಿ ಈ ಬುದ್ಧಿ ಬರಲು ತಡವಾಯಿತು. ಐಸಿಎಆರ್ ಶುರುವಾಗಿದ್ದು 1929ರಲ್ಲಿ, ಆಗ ಅದು ಇಂಪೀರಿಯಲ್ ಕೌನ್ಸಿಲ್. ಮೊದಲ ಮೂವತ್ತೈದು ವರ್ಷ ಆಡಳಿತವೆಲ್ಲ ಐಸಿಎಸ್, ಐಎಎಸ್ ಅಧಿಕಾರಿಗಳ ಕೈಯಲ್ಲಿ. ವಿಜ್ಞಾನಿಗಳು ಫೈಲ್ ಹಿಡಿದು ಅವರ ಮುಂದೆ ನಿಲ್ಲಬೇಕು. 1960ರ ದಶಕದ ಆಹಾರದ ಕೊರತೆ ಕುತ್ತಿಗೆಗೆ ಬಂದ ಮೇಲೆ ಅಮೆರಿಕದ ಮೇರಿಯನ್ ಪಾರ್ಕರ್ ನೇತೃತ್ವದ ತಂಡ ಎಲ್ಲವನ್ನೂ ನೋಡಿ, ಇದರ ತಲೆಯಲ್ಲಿ ವಿಜ್ಞಾನಿ ಇರಬೇಕು ಅಂತ ಹೇಳಿತು. 1965ರಲ್ಲಿ ಗೋಧಿ ತಳಿ ವಿಜ್ಞಾನಿ ಬಿ.ಪಿ. ಪಾಲ್ ಮೊದಲ ಮಹಾನಿರ್ದೇಶಕರಾದರು. ಗುಲಾಬಿ ಹುಚ್ಚಿನ ಮನುಷ್ಯ, ಗುಲಾಬಿ ತಳಿಗಳನ್ನೂ ಮಾಡುತ್ತಿದ್ದರಂತೆ, ಅದು ಬೇರೆ ಮಾತು. ಮರುವರ್ಷ, ಸಚಿವಾಲಯದ ಕೈಯಲ್ಲಿದ್ದ ಸಂಶೋಧನಾ ಸಂಸ್ಥೆಗಳೆಲ್ಲ ಪರಿಷತ್ತಿನ ಕೆಳಗೆ ಬಂದವು. 1973ರಲ್ಲಿ ಎಂ.ಎಸ್. ಸ್ವಾಮಿನಾಥನ್ ಮಹಾನಿರ್ದೇಶಕರಾಗಿದ್ದಾಗ ಇನ್ನೊಂದು ಹೆಜ್ಜೆ: ಕೃಷಿ ಸಂಶೋಧನೆಗೆ ಪ್ರತ್ಯೇಕ ಇಲಾಖೆಯೇ ಆಗಿ, ಮಹಾನಿರ್ದೇಶಕರೇ ಅದರ ಕಾರ್ಯದರ್ಶಿಯೂ ಆದರು. ವಿಜ್ಞಾನಿ ಇನ್ನು ಕಾರ್ಯದರ್ಶಿಯ ಬಾಗಿಲಲ್ಲಿ ಕಾಯಬೇಕಾಗಿಲ್ಲ, ಕಾರ್ಯದರ್ಶಿ ಅವರೇ.

ಇದಕ್ಕೂ ಒಂದು ಬೆಲೆ ಇದೆ ಅನ್ನಿ. ಎರಡು ಟೋಪಿ ಹಾಕಿದವರಿಗೆ ಲ್ಯಾಬು ಮರೆತುಹೋಗಿ ಸಂಸತ್ತಿನ ಪ್ರಶ್ನೆಗೆ ಉತ್ತರ ಬರೆಯುವುದೇ ಕೆಲಸವಾಗಿಬಿಡುತ್ತದೆ. ನೂರಕ್ಕೂ ಜಾಸ್ತಿ ಸಂಸ್ಥೆಗಳು ಬೇರೆ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯಿಂದ ಪುತ್ತೂರಿನ ಗೇರು ಕೇಂದ್ರದವರೆಗೆ ಎಲ್ಲ ಅಲ್ಲಿಗೇ ಸೇರುತ್ತವೆ.

ನಮ್ಮವರೇ ಒಬ್ಬರು ಆ ಕುರ್ಚಿಯಲ್ಲಿ ಕೂತಿದ್ದರು ಅನ್ನುವುದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಎಸ್. ಅಯ್ಯಪ್ಪನ್, ಯಳಂದೂರಿನವರು. ಓದಿದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ. ಅವರಿಗೆ ಮುಂಚೆ ಬಂದ ಮಹಾನಿರ್ದೇಶಕರೆಲ್ಲ ಬೆಳೆಯ ಕಡೆಯ ವಿಜ್ಞಾನಿಗಳೇ. 2010ರಲ್ಲಿ ಮೊದಲ ಸಲ ಮೀನಿನ ಮನುಷ್ಯ ಬಂದರು, ಕೆರೆ ಕುಂಟೆಯಲ್ಲಿ ಮೀನು ಸಾಕುವುದನ್ನೇ ಜೀವನಪೂರ್ತಿ ಮಾಡಿದವರು. ದೇಶದ ಕೃಷಿ ಅಂದರೆ ಬರೀ ಗದ್ದೆಯಲ್ಲ ಅನ್ನುವುದಕ್ಕೆ ದೊಡ್ಡ ಭಾಷಣ ಬೇಕಾಗಲಿಲ್ಲ, ಆ ಒಂದು ನೇಮಕವೇ ಸಾಕಾಯಿತು. 2022ರಲ್ಲಿ ಪದ್ಮಶ್ರೀ ಬಂತು. 2025ರ ಮೇ ತಿಂಗಳಲ್ಲಿ ಹೋಗಿಬಿಟ್ಟರು.

ಈಗ ಅಂಕಿ ಅಂಶದ ಕಡೆ ಬರೋಣ. ನನ್ನ ತಕರಾರು ಇರುವುದು ಇಲ್ಲೇ.

ಹಿಂದೆ ಬೆಳೆ ಅಂದಾಜು ಮಾಡುತ್ತಿದ್ದುದು ಆಣೆವಾರಿಯಲ್ಲಿ. ಶಾನುಭೋಗರು, ಪಟೇಲರು ಹೊಲದ ಬದುವಿನ ಮೇಲೆ ನಿಂತು ಕಣ್ಣಳತೆಯಲ್ಲೇ ಈ ಸಲ ಎಂಟಾಣೆ ಬೆಳೆ, ಹತ್ತಾಣೆ ಬೆಳೆ ಅಂತ ಬರೆಯುತ್ತಿದ್ದರು. ಹದಿನಾರಾಣೆ ಅಂದರೆ ತುಂಬಿದ ಬೆಳೆ. ಆಣೆ ಕಮ್ಮಿ ಬಿದ್ದರೆ ಕಂದಾಯ ಮಾಫಿ ಸಿಗುವ ಆಸೆ, ಹಾಗಾಗಿ ಅಳತೆಯೊಳಗೇ ಆಸೆಯೂ ಬೆರೆತಿರುತ್ತಿತ್ತು.

ಇದನ್ನು ಬದಲಾಯಿಸಲು ಇಬ್ಬರು ದೊಡ್ಡವರು ಹೊರಟರು, ಇಬ್ಬರಿಗೂ ಜಗಳವಾಯಿತು. ಕೋಲ್ಕತ್ತದ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಒಂದು ಕಡೆ. ಐಸಿಎಆರ್‌ನ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಇನ್ನೊಂದು ಕಡೆ. ಕಣ್ಣಳತೆ ಬೇಡ, ಚೀಟಿ ಎತ್ತಿದ ಹಾಗೆ ಹೊಲ ಆರಿಸಿ, ಅದರಲ್ಲಿ ಒಂದು ತುಂಡು ಕೊಯ್ದು ತೂಗಿ ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ. ತುಂಡು ಎಷ್ಟು ದೊಡ್ಡದಿರಬೇಕು ಅನ್ನುವುದೇ ಜಗಳ. ಮಹಲನೋಬಿಸ್ ಕೆಲವೇ ಅಡಿ ಅಗಲದ ಸಣ್ಣ ವೃತ್ತಗಳಲ್ಲಿ ಕೊಯ್ಯಿಸುತ್ತಿದ್ದರು. ಬೇಗ ಆಗುತ್ತದೆ, ಜಾಸ್ತಿ ಹೊಲ ಮುಟ್ಟಬಹುದು. ತುಂಡು ಸಣ್ಣದಾದಷ್ಟೂ ಇಳುವರಿ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತದೆ ಅಂತ ಸುಖಾತ್ಮೆ 1946ರಲ್ಲಿ ಬರೆದರು.

ಯಾಕೆ ಅಂತ ನನಗೆ ಪುಸ್ತಕದಲ್ಲಿ ಅರ್ಥವಾಗಿರಲಿಲ್ಲ, ದೊಡ್ಡಪ್ಪನ ಊರಿನ ರಾಗಿ ಹೊಲದಲ್ಲಿ ಅರ್ಥವಾಯಿತು. ಬೆಳೆ ಕಟಾವು ಪ್ರಯೋಗಕ್ಕೆ ಪಕ್ಕದವರ ಸರ್ವೆ ನಂಬರ್ ಬಿದ್ದಿತ್ತು. ಗ್ರಾಮ ಲೆಕ್ಕಿಗರು ಮೊಬೈಲ್ ನೋಡಿಕೊಂಡು ಹೊಲದ ಮೂಲೆಯಿಂದ ಹೆಜ್ಜೆ ಎಣಿಸಿಕೊಂಡು ಹೋದರು, ಗೂಟ ಹೊಡೆದರು, ಐದು ಮೀಟರ್ ಉದ್ದ ಐದು ಮೀಟರ್ ಅಗಲಕ್ಕೆ ಹಗ್ಗ ಎಳೆದರು. ಹಗ್ಗ ಸರಿಯಾಗಿ ಒಂದು ರಾಗಿ ಬುಡದ ಮೇಲೇ ಕೂತಿತು.

'ಸಾರ್, ಇದು ಒಳಗಾ ಹೊರಗಾ?' ಅಂತ ಕುಡುಗೋಲು ಹಿಡಿದಿದ್ದ ಹೆಂಗಸು ಕೇಳಿದರು.

ಲೆಕ್ಕಿಗರು ಉತ್ತರ ಹೇಳುವಷ್ಟರಲ್ಲಿ ದೊಡ್ಡಪ್ಪ, 'ಹೊರಗೇ ಬಿಡವ್ವಾ, ಇನ್ಶೂರೆನ್ಸ್ ಬರೋದು ಬೇಡ್ವಾ' ಅಂದರು. ಎಲ್ಲರೂ ನಕ್ಕರು, ವಿಮಾ ಕಂಪನಿಯಿಂದ ಬಂದಿದ್ದ ಹುಡುಗನೊಬ್ಬ ಬಿಟ್ಟು.

ಗಡಿಯ ಮೇಲಿನ ಬುಡವನ್ನು ಸುಮ್ನೆ ಒಳಗೆ ಸೇರಿಸಿಬಿಡುವುದು ಕೈಯ ಸಹಜ ಗುಣ. ತುಂಡು ಸಣ್ಣದಾದರೆ ಒಳಗಿನ ಜಾಗಕ್ಕಿಂತ ಗಡಿಯೇ ಜಾಸ್ತಿ, ತಪ್ಪೂ ಜಾಸ್ತಿ. ಸುಖಾತ್ಮೆ ಹೇಳಿದ್ದು ಇದನ್ನೇ. ಈಗ ಲೆಕ್ಕ ಹಾಕಿ. ಐದೈದು ಮೀಟರ್ ಅಂದರೆ 25 ಚದರ ಮೀಟರ್. ಹೆಕ್ಟೇರಿಗೆ ಅದರ 400 ಪಟ್ಟು. ಆ ತುಂಡಿನಲ್ಲಿ ನೂರು ಗ್ರಾಂ ಆಚೀಚೆ ಆದರೆ ಹೆಕ್ಟೇರಿಗೆ 40 ಕೆಜಿ ಆಚೀಚೆ. ಫಸಲ್ ಬಿಮಾದಲ್ಲಿ, ಅಂದರೆ ಕೇಂದ್ರದ ಬೆಳೆ ವಿಮೆಯಲ್ಲಿ, ಮುಖ್ಯ ಬೆಳೆಗೆ ಒಂದು ಪಂಚಾಯ್ತಿಗೆ ಇಂಥವು ನಾಲ್ಕು. ನಾಲ್ಕು ತುಂಡಿನ ಸರಾಸರಿಯ ಮೇಲೆ ಇಡೀ ಪಂಚಾಯ್ತಿಗೆ ಪರಿಹಾರ ಉಂಟೋ ಇಲ್ಲವೋ ಅನ್ನುವುದು ತೀರ್ಮಾನವಾಗುತ್ತದೆ. ರೈತನಿಗೆ ಇಳುವರಿ ಕಮ್ಮಿ ಬರಬೇಕು, ಕಂಪನಿಗೆ ಜಾಸ್ತಿ ಬರಬೇಕು, ನಡುವೆ ತಕ್ಕಡಿ ಹಿಡಿದು ನಿಂತವರು ಲೆಕ್ಕಿಗರು. ಅವರ ಬಗ್ಗೆ ನನಗೆ ಗೌರವವಿದೆ, ಆ ದಿನ ಅವರು ಬುಡದ ಬೇರು ಯಾವ ಕಡೆ ಇದೆ ಅಂತ ಬಗ್ಗಿ ನೋಡಿ ತೀರ್ಮಾನ ಮಾಡಿದರು.

ಇಷ್ಟು ಕಷ್ಟಪಟ್ಟು ಕೆಳಗಿನಿಂದ ಹೋಗುವ ಅಂಕಿ ಮೇಲೆ ಯಾರ ಕೈ ಸೇರುತ್ತದೆ? ಕೇಂದ್ರ ಕೃಷಿ ಸಚಿವಾಲಯದೊಳಗಿನ ಅರ್ಥ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ. ವರ್ಷದ ಆರಂಭದಲ್ಲಿ ಇಷ್ಟು ಕೋಟಿ ಟನ್ ಬೆಳೆಯಬೇಕು ಅಂತ ಗುರಿ ಇಡುವುದೂ ಇದೇ ಸಚಿವಾಲಯ. ಪರೀಕ್ಷೆ ಬರೆದವನೇ ಪೇಪರ್ ತಿದ್ದಿ ಮಾರ್ಕ್ಸ್ ಹಾಕಿಕೊಂಡ ಹಾಗೆ. ಅಲ್ಲಿರುವವರು ಅಪ್ರಾಮಾಣಿಕರು ಅಂತ ನಾನು ಹೇಳುತ್ತಿಲ್ಲ. ಅಂಕಿ ಕಮ್ಮಿ ಬಂದಾಗ ಅದನ್ನು ಹೇಳುವ ಧೈರ್ಯ ಆ ಕುರ್ಚಿಗೆ ಇರುವ ಹಾಗೆ ನಾವು ಕಟ್ಟಿಲ್ಲ.

2022ರ ಗೋಧಿಯನ್ನು ನೆನಪಿಸಿಕೊಳ್ಳಿ. ಫೆಬ್ರವರಿಯ ಎರಡನೇ ಮುಂಗಡ ಅಂದಾಜು 11.13 ಕೋಟಿ ಟನ್. ಮಾರ್ಚ್‌ನಲ್ಲಿ ಬಿಸಿಲು ಸುಟ್ಟುಹಾಕಿತು, ಕಾಳು ಮುರುಟಿತು. ಇದು ಫೆಬ್ರವರಿಯವರಿಗೆ ಗೊತ್ತಿರಲು ಸಾಧ್ಯವಿಲ್ಲ, ಅವರ ತಪ್ಪಲ್ಲ. ಆದರೆ ಏಪ್ರಿಲ್ ಪೂರ್ತಿ ರಫ್ತಿನ ಉತ್ಸಾಹವೇ ನಡೆಯಿತು. ಮೇ ಮೊದಲ ವಾರದಲ್ಲಿ 10.5 ಕೋಟಿ ಟನ್ ಆಗಬಹುದು ಅಂತ ಹೇಳಿದವರು ಯಾರು? ಆಹಾರ ಇಲಾಖೆಯ ಕಾರ್ಯದರ್ಶಿ. ಮೇ 13ಕ್ಕೆ ರಫ್ತು ನಿಷೇಧ ಬಂತು. ಬೆಳೆ ಲೆಕ್ಕ ಹೇಳಬೇಕಾದ ಕಚೇರಿಯ ಮೂರನೇ ಅಂದಾಜು, 10.64 ಕೋಟಿ ಟನ್, ಬಂದಿದ್ದು ಮೇ 19ಕ್ಕೆ. ಅಂದರೆ ಹಡಗು ನಿಲ್ಲಿಸಿದ ಮೇಲೆ. ಕೊಳ್ಳುವ ಇಲಾಖೆ ಮೊದಲು ಮಾತಾಡಿತು, ಅಳೆಯುವ ಇಲಾಖೆ ಆಮೇಲೆ. ಅಳೆಯುವ ಕಡೆ ಒಬ್ಬ ಗಟ್ಟಿ ಮುಖ್ಯಸ್ಥರಿದ್ದು, ಏಪ್ರಿಲ್ ಮಧ್ಯದಲ್ಲೇ ಹಳೆಯ ಅಂಕಿ ನಂಬಬೇಡಿ ಅಂತ ಒಂದು ಪುಟದ ಪ್ರಕಟಣೆ ಕೊಡುವ ಅಧಿಕಾರ ಅವರಿಗಿದ್ದಿದ್ದರೆ ವ್ಯಾಪಾರಿಗಳೂ ರೈತರೂ ಅಷ್ಟು ಕಕ್ಕಾಬಿಕ್ಕಿ ಆಗುತ್ತಿರಲಿಲ್ಲ.

ಅಮೆರಿಕದವರು ಈ ಪಾಠ ಕಲಿತಿದ್ದು 1905ರಲ್ಲಿ, ಮರ್ಯಾದೆ ಹೋದ ಮೇಲೆ. ಅವರ ಕೃಷಿ ಇಲಾಖೆಯ ಅಂಕಿ ಅಂಶ ವಿಭಾಗದ ಎಡ್ವಿನ್ ಹೋಮ್ಸ್ ಅನ್ನುವ ಅಧಿಕಾರಿ ಹತ್ತಿ ಬೆಳೆಯ ಅಂದಾಜನ್ನು ಪ್ರಕಟಣೆಗೆ ಮುಂಚೆಯೇ ಸಟ್ಟಾದವರಿಗೆ ತಿಳಿಸುತ್ತಿದ್ದ. ಹೇಗೆ ಗೊತ್ತಾ? ಕಚೇರಿ ಕಿಟಕಿಯ ಪರದೆಯನ್ನು ಇಂತಿಷ್ಟು ಮೇಲೆ, ಇಂತಿಷ್ಟು ಕೆಳಗೆ ಎಳೆದು. ಹೊರಗೆ ನಿಂತವನಿಗೆ ಅದೇ ಸಂಕೇತ. ಸಿಕ್ಕಿಬಿದ್ದ ಮೇಲೆ ವಿಭಾಗದ ಮುಖ್ಯಸ್ಥರ ಕುರ್ಚಿಯೂ ಹೋಯಿತು, ಅಂದಾಜು ಮಾಡಲು ಒಬ್ಬರ ಬದಲು ಮಂಡಳಿ ಬಂತು. ಇವತ್ತಿಗೂ ದೊಡ್ಡ ವರದಿ ಬರುವ ದಿನ ಸಿಬ್ಬಂದಿಯನ್ನು ಒಳಗೆ ಹಾಕಿ ಬಾಗಿಲು ಬಂದ್ ಮಾಡುತ್ತಾರೆ, ಫೋನ್ ಇಲ್ಲ, ಕಿಟಕಿ ಮುಚ್ಚಿ ಸೀಲ್. ಕೃಷಿ ಮಂತ್ರಿಗೇ ಅಂಕಿ ಕಾಣಿಸುವುದು ಪ್ರಕಟಣೆಗೆ ಸ್ವಲ್ಪ ಮುಂಚೆ, ಸಹಿ ಹಾಕುವ ಹೊತ್ತಿಗೆ.

ಹಾಗಂತ ಅವರನ್ನು ತಲೆ ಮೇಲೆ ಹೊತ್ತುಕೊಳ್ಳುವುದೂ ಬೇಡ. ಅಲ್ಲಿ ಕೃಷಿ ಸಂಶೋಧನೆಯ ಮೇಲಿನ ಹುದ್ದೆಗೆ ಹೆಸರಾಂತ ವಿಜ್ಞಾನಿಯೇ ಬೇಕು ಅಂತ ಕಾನೂನಿದೆ. ಆದರೂ 2017ರಲ್ಲಿ ವಿಜ್ಞಾನಿಯೇ ಅಲ್ಲದ, ರೇಡಿಯೋದಲ್ಲಿ ರಾಜಕೀಯ ಮಾತಾಡುತ್ತಿದ್ದ ಸ್ಯಾಮ್ ಕ್ಲೋವಿಸ್ ಅವರ ಹೆಸರು ಕಳಿಸಿದರು, ಗಲಾಟೆಯಾಗಿ ಕೊನೆಗೆ ಅವರೇ ಹಿಂದೆ ಸರಿದರು. 2019ರಲ್ಲಿ ಕೃಷಿ ಅರ್ಥಶಾಸ್ತ್ರದ ಕಚೇರಿಯನ್ನು ವಾಷಿಂಗ್ಟನ್‌ನಿಂದ ಕಾನ್ಸಾಸ್ ಸಿಟಿಗೆ ಎತ್ತಂಗಡಿ ಮಾಡಿದಾಗ ಅನುಭವಸ್ಥರು ಗುಂಪುಗುಂಪಾಗಿ ಕೆಲಸ ಬಿಟ್ಟರು.

ನಮ್ಮ ರಾಜ್ಯದ ವ್ಯವಸ್ಥೆ ಈ ಒಂದು ವಿಷಯದಲ್ಲಿ ದೆಹಲಿಗಿಂತ ವಾಸಿ ಅಂತ ನನ್ನ ಅಭಿಪ್ರಾಯ. ಇಲ್ಲಿ ಬೆಳೆ ಕಟಾವು ಪ್ರಯೋಗದ ಉಸ್ತುವಾರಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ್ದು, ಅದು ಯೋಜನಾ ಇಲಾಖೆಯ ಕೆಳಗಿದೆ, ಕೃಷಿ ಇಲಾಖೆಯ ಕೆಳಗಲ್ಲ. ಕೇಂದ್ರದಲ್ಲೂ ಇದನ್ನೇ ಮಾಡಬಹುದು. ಲೆಕ್ಕದ ಕಚೇರಿಯನ್ನು ಗುರಿ ಇಡುವ ಸಚಿವಾಲಯದಿಂದ ಬಿಡಿಸಿ, ಮುಖ್ಯಸ್ಥರಿಗೆ ಐದು ವರ್ಷದ ಗ್ಯಾರಂಟಿ ಅವಧಿ ಕೊಟ್ಟು, ಪ್ರಕಟಣೆಯ ದಿನಾಂಕವನ್ನು ವರ್ಷದ ಮೊದಲೇ ಹೇಳಿ, ಪ್ರಕಟಣೆಯ ಕೆಳಗೆ ಸಚಿವರ ಬದಲು ಆ ಮುಖ್ಯಸ್ಥರ ಸಹಿ ಇರಬೇಕು. ಬರೀ ಸಲಹಾ ಆಯೋಗ ಸಾಲದು. 2019ರ ಜನವರಿಯಲ್ಲಿ ಉದ್ಯೋಗದ ಸಮೀಕ್ಷೆ ಹೊರಗೆ ಬರಲಿಲ್ಲ ಅಂತ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಪಿ.ಸಿ. ಮೋಹನನ್ ಮತ್ತು ಕೃಷಿ ಅರ್ಥಶಾಸ್ತ್ರಜ್ಞೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಆಯೋಗಕ್ಕೆ ಇದ್ದ ಅಧಿಕಾರ ಅಷ್ಟೇ, ಎದ್ದು ಹೋಗುವುದು.