ಸಾಲದ ವಿಷಯ ಮನೆಯಲ್ಲಿ ಹೇಳಲೇಬೇಕಾ?

ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ಈಗಲೂ ಪರಿಚಯದವರು ಪಾಸ್‌ಬುಕ್ಕು, ಕಾರ್ಡಿನ ಸ್ಟೇಟ್‌ಮೆಂಟು ಹಿಡಿದುಕೊಂಡು ಬರುತ್ತಾರೆ. ಬಡ್ಡಿ ಎಷ್ಟು ಬೀಳುತ್ತಿದೆ, ಕಂತು ಇಳಿಸಬಹುದಾ ಎಂದು ಶುರುವಾದ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯಲ್ಲಿ: "ಮೇಡಂ, ಇದನ್ನ ನಮ್ಮ ಮನೆಯವರಿಗೆ ಹೇಳ್ಲೇಬೇಕಾ? ಒಂದು ವರ್ಷ ಸುಧಾರಿಸಿಕೊಂಡ್ರೆ ನಾನೇ ತೀರಿಸಿಬಿಡ್ತೀನಿ." ಗಂಡಸರೂ ಕೇಳುತ್ತಾರೆ, ಹೆಂಗಸರೂ ಕೇಳುತ್ತಾರೆ. ಹೆಚ್ಚಿನವರು ಸಂಸಾರಕ್ಕೆಂದೇ ಸಾಲ ಮಾಡಿದವರು, ಸಂಸಾರಕ್ಕೆ ನೋವಾಗಬಾರದೆಂದೇ ಮುಚ್ಚಿಟ್ಟವರು.

ಹೇಳಲೇಬೇಕು, ಅದೂ ಪೂರ್ತಿಯಾಗಿ. ಗಂಡ ಹೆಂಡತಿ ನಡುವೆ ಗುಟ್ಟಿರಬಾರದು ಅನ್ನುವ ಮಾತನ್ನು ಪಕ್ಕಕ್ಕಿಟ್ಟು ಬರೀ ದುಡ್ಡಿನ ಲೆಕ್ಕ ನೋಡಿದರೂ ಉತ್ತರ ಇದೇ. ಮುಚ್ಚಿಟ್ಟ ಸಾಲಕ್ಕೆ ಬಡ್ಡಿ ಜಾಸ್ತಿ.

ಒಂದು ಮನೆಗೆ ಕಡಿಮೆ ಬಡ್ಡಿಯಲ್ಲಿ ದುಡ್ಡು ಹುಟ್ಟುವ ದಾರಿಗಳು ಯಾವುವು ನೋಡಿ. ಒಡವೆ ಅಡವಿಟ್ಟರೆ ಬ್ಯಾಂಕಿನಲ್ಲಿ ವರ್ಷಕ್ಕೆ ಶೇ. 9–10ರ ಆಸುಪಾಸು. ಎಫ್‌ಡಿ ಮೇಲೆ ಸಾಲ ತೆಗೆದರೆ ಎಫ್‌ಡಿಗೆ ಕೊಡುವ ಬಡ್ಡಿಗಿಂತ ಒಂದೆರಡು ಶೇಕಡಾ ಹೆಚ್ಚು, ಅಷ್ಟೇ. ಎಲ್‌ಐಸಿ ಪಾಲಿಸಿ ಮೇಲೂ ಹತ್ತಿರ ಹತ್ತಿರ ಇಂಥದ್ದೇ ದರಕ್ಕೆ ಸಾಲ ಸಿಗುತ್ತದೆ. ಆದರೆ ಇವಕ್ಕೆಲ್ಲ ಬೀರು ತೆಗೆಯಬೇಕು, ಬಾಂಡ್ ಹುಡುಕಬೇಕು, ಜಂಟಿ ಖಾತೆಯಾದರೆ ಇಬ್ಬರೂ ಸಹಿ ಹಾಕಬೇಕು. ಮನೆಯವರ ಕಣ್ಣು ತಪ್ಪಿಸಿ ಆಗುವ ಕೆಲಸವಲ್ಲ. ಕಣ್ಣು ತಪ್ಪಿಸಿ ಸಿಗುವುದು ಕ್ರೆಡಿಟ್ ಕಾರ್ಡು, ಮೊಬೈಲ್ ಆ್ಯಪಿನ ಸಾಲ, ಗುರುತಿನವರ ಹತ್ತಿರದ ಬಡ್ಡಿ ದುಡ್ಡು. ಕಾರ್ಡಿಗೆ ವರ್ಷಕ್ಕೆ ಶೇ. 36ರಿಂದ 45ರವರೆಗೆ ಬಡ್ಡಿ ಇರುತ್ತದೆ. ಊರ ಕಡೆಯ ನೂರಕ್ಕೆ ಐದು ಬಡ್ಡಿ ಅಂದರೆ ವರ್ಷಕ್ಕೆ ಶೇ. 60. ಗುಟ್ಟಾಗಿಡಬೇಕೆಂದು ಹೊರಟವರು ತಾವಾಗಿಯೇ ಅತಿ ದುಬಾರಿ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ.

ಕಾರ್ಡಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚು ಜನ ಸಿಕ್ಕಿಕೊಂಡಿರುವುದು ಇಲ್ಲೇ. ಒಂದು ಲಕ್ಷ ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ. 3.5 ಅಂದುಕೊಳ್ಳಿ. ಆ ತಿಂಗಳ ಬಡ್ಡಿ 3,500 ರೂಪಾಯಿ. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಅದು 630. ಸ್ಟೇಟ್‌ಮೆಂಟಿನಲ್ಲಿ 'ಮಿನಿಮಮ್ ಡ್ಯೂ' (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಎಂದು ತೋರಿಸುವುದು ಸಾಮಾನ್ಯವಾಗಿ ಬಾಕಿಯ ಶೇ. 5ರಷ್ಟು, ಅಂದರೆ 5,000. ಅಷ್ಟು ಕಟ್ಟಿದರೆ 4,130 ಬಡ್ಡಿಗೆ, ತೆರಿಗೆಗೆ ಹೋಗಿ ಅಸಲಿನಲ್ಲಿ ಇಳಿಯುವುದು 870 ರೂಪಾಯಿ ಮಾತ್ರ. ಜೊತೆಗೆ ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೂ ಇರುವುದಿಲ್ಲ. ಇವತ್ತು ತಂದ ದಿನಸಿಗೂ ಇವತ್ತಿನಿಂದಲೇ ಬಡ್ಡಿ. ಈ ಬಡ್ಡಿ ಶೇ. 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಆ ರಕ್ಷಣೆಯೂ ಈಗ ಇಲ್ಲ.

ನನ್ನ ಹತ್ತಿರ ಬಂದಿದ್ದ ಒಂದು ಜೋಡಿಯ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ಸ್ವಲ್ಪ ಬದಲಾಯಿಸಿ. ಗಂಡ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಹೆಂಡತಿ ಮನೆಯಲ್ಲೇ ಹೊಲಿಗೆ. ಗಂಡನ ಎರಡು ಕಾರ್ಡುಗಳ ಬಾಕಿ ಹೆಂಡತಿಗೆ ಗೊತ್ತಿಲ್ಲ. ಹೆಂಡತಿ ಸಂಘದಲ್ಲಿ ತೆಗೆದ ಸಾಲ, ಮೊದಲೇ ಎತ್ತಿದ ಚೀಟಿ ಗಂಡನಿಗೆ ಗೊತ್ತಿಲ್ಲ. ತಿಂಗಳ ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು "ದುಡ್ಡೆಲ್ಲಿ ಹೋಯ್ತು" ಎಂದು ಕೇಳಿಕೊಳ್ಳುತ್ತಿದ್ದರು. ಇದರ ನಡುವೆಯೇ ಮಗಳ ಮದುವೆಗೆಂದು ಎರಡು ಲಕ್ಷದ ಎಫ್‌ಡಿ ಬ್ಯಾಂಕಿನಲ್ಲಿತ್ತು. ಅದಕ್ಕೆ ಶೇ. 7ರಂತೆ ವರ್ಷಕ್ಕೆ 14,000 ಬಡ್ಡಿ ಬರುತ್ತಿತ್ತು. ಕಾರ್ಡಿನ ಬಾಕಿಯೂ ಎರಡು ಲಕ್ಷದ ಹತ್ತಿರ, ಅದಕ್ಕೆ ಶೇ. 42ರಂತೆ ವರ್ಷಕ್ಕೆ 84,000 ಹೋಗುತ್ತಿತ್ತು. ಸಾಲವನ್ನೂ ಉಳಿತಾಯವನ್ನೂ ಒಂದೇ ಹಾಳೆಯಲ್ಲಿ ಬರೆದ ಮೇಲಷ್ಟೇ ಇದು ಕಂಡಿದ್ದು. ಎಫ್‌ಡಿ ಮುರಿಯಿರಿ ಎಂದೆ. ಆ ತಾಯಿ ಅತ್ತರು. ಮಗಳ ಹೆಸರಿನಲ್ಲಿಟ್ಟ ದುಡ್ಡು ಮುಟ್ಟುವುದು ಅವರಿಗೆ ಸುಲಭವಿರಲಿಲ್ಲ. ಆದರೆ ಮಗಳ ದುಡ್ಡು ಕರಗುವುದು ನಿಜವಾಗಿ ನಿಲ್ಲುವುದು ಹಾಗೆ ಮಾಡಿದರೇ. ನಾನು ಇದರಲ್ಲಿ ಈಗಲೂ ಗಟ್ಟಿ: ಕಾರ್ಡಿಗೆ ಬಡ್ಡಿ ಕಟ್ಟುತ್ತಿರುವ ಮನೆಯಲ್ಲಿ ಒಂದೆರಡು ತಿಂಗಳ ಖರ್ಚಿಗಾಗುವಷ್ಟು ಬಿಟ್ಟು ಬೇರೆ ಎಫ್‌ಡಿ ಇರಬಾರದು.

ಒಡವೆಯ ಮಾತು ಬಂದಾಗ ಮಾತ್ರ ಗಂಡಂದಿರಿಗೆ ಒಂದು ವಿಷಯ ಬೇರೆಯಾಗಿ ಹೇಳುತ್ತೇನೆ. ಅದು ಆಕೆಯ ಸ್ತ್ರೀಧನ, ನಿಮ್ಮ ಆಸ್ತಿಯಲ್ಲ. ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸುವುದು ಅವನ ನೈತಿಕ ಹೊಣೆ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿದೆ. ಹಾಗಾಗಿ ಒಡವೆ ಅಡವಿಡುವುದಾದರೆ ಆಕೆಯೇ ಜೊತೆಗೆ ಬರಲಿ, ಖಾತೆ ಆಕೆಯ ಹೆಸರಿನಲ್ಲೇ ಇರಲಿ, ಬಿಡಿಸುವ ತಿಂಗಳು ಅವತ್ತೇ ಗೊತ್ತಾಗಲಿ.

ಇನ್ನು ಹೇಳುವುದು ಹೇಗೆ. ಕಂತುಗಳಲ್ಲಿ ಮಾತ್ರ ಹೇಳಬೇಡಿ. ಮೊದಲು ಎರಡು ಲಕ್ಷ ಎಂದು, ಕೋಪ ಇಳಿದ ಮೇಲೆ ಇನ್ನೊಂದೂವರೆ ಎಂದು, ಯುಗಾದಿ ಕಳೆದ ಮೇಲೆ ಆ್ಯಪಿನದ್ದೂ ಇದೆ ಎಂದು ಹೇಳಿದವರನ್ನು ನೋಡಿದ್ದೇನೆ. ಮೊದಲ ಸಲ ಕೇಳಿದ್ದನ್ನು ಸಂಸಾರ ತಡೆದುಕೊಳ್ಳುತ್ತದೆ. ಎರಡನೇ ಸಲ ಹೊರಬಂದದ್ದರ ಮೇಲೆ ಮೂರನೆಯದೂ ಇರಬಹುದೆಂಬ ಅನುಮಾನ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ಮಾತಿಗೆ ಕೂರುವ ಮೊದಲು ಇಬ್ಬರ ಹೆಸರಿನ ಕ್ರೆಡಿಟ್ ರಿಪೋರ್ಟನ್ನೂ, ಅಂದರೆ ಸಾಲಗಳ ದಾಖಲೆಯನ್ನೂ, ತೆಗೆಯಿರಿ ಎನ್ನುತ್ತೇನೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2017ರಿಂದ ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ಮರೆತ ಕಾರ್ಡು, ಮೊಬೈಲು ಕೊಂಡಾಗಿನ ಇಎಂಐ, ಬಾವಮೈದುನನಿಗೆ ಹಾಕಿದ ಜಾಮೀನು ಎಲ್ಲ ಅದರಲ್ಲಿ ಕಾಣುತ್ತವೆ. ಕಾಣದವು ಕೈಸಾಲ, ಚೀಟಿ ಬಾಕಿ, ಅಂಗಡಿಯ ಉದ್ರಿ, ಊರಿನ ಗಿರವಿ ಅಂಗಡಿಯಲ್ಲಿಟ್ಟ ಬಳೆ. ಇವನ್ನು ನೆನಪಿನಿಂದಲೇ ಬರೆಯಬೇಕು.

ಕೇಳಿಸಿಕೊಳ್ಳುವವರಿಗೂ ನನ್ನದೊಂದು ಬೇಡಿಕೆ. ಸಿಟ್ಟು ಬರುತ್ತದೆ, ಬರಲಿ. ಆದರೆ ಅವತ್ತು ರಾತ್ರಿಯೇ ತವರಿಗೋ ಅತ್ತೆ ಮನೆಗೋ ಫೋನ್ ಮಾಡಬೇಡಿ. ಎರಡೂ ಕಡೆಯ ಹಿರಿಯರು ಸೇರಿದರೆ ಯಾರದು ತಪ್ಪು ಅನ್ನುವ ಪಂಚಾಯಿತಿಯಾಗುತ್ತದೆ, ಸಾಲದ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. "ಯಾಕೆ ಮಾಡಿದ್ರಿ" ಅನ್ನುವುದಕ್ಕಿಂತ "ಇನ್ನೇನಾದ್ರೂ ಇದೆಯಾ, ಇದ್ರೆ ಈಗ್ಲೇ ಹೇಳಿ" ಅನ್ನುವ ಮಾತು ಆ ಹೊತ್ತಿಗೆ ಹೆಚ್ಚು ಉಪಯೋಗ.

ಹೇಳಿದ ಮೇಲೆ ಮೊದಲು ಯಾವುದನ್ನು ತೀರಿಸುವುದು? ಎಲ್ಲದರ ಕಂತೂ ತಪ್ಪದ ಹಾಗೆ ನೋಡಿಕೊಂಡು, ಮಿಕ್ಕಿದ ದುಡ್ಡನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಸುರಿಯಿರಿ. ಹರಾಜಿನ ನೋಟಿಸು ಬಂದಿರುವ ಒಡವೆ ಇದ್ದರೆ ಮಾತ್ರ ಅದು ಮೊದಲು. ಬಡ್ಡಿ ಹೋಲಿಸುವಾಗ ಫ್ಲಾಟ್ ದರಕ್ಕೆ ಮೋಸ ಹೋಗಬೇಡಿ. ಒಂದು ಲಕ್ಷಕ್ಕೆ ಶೇ. 12 ಫ್ಲಾಟ್, ಎರಡು ವರ್ಷ ಅಂದರೆ ತಿಂಗಳಿಗೆ ಸುಮಾರು 5,167 ರೂಪಾಯಿ ಕಂತು. ಅಸಲು ಇಳಿಯುತ್ತ ಹೋದರೂ ಬಡ್ಡಿ ಪೂರ್ತಿ ಲಕ್ಷಕ್ಕೇ ಬೀಳುವುದರಿಂದ ನಿಜವಾದ ದರ ಶೇ. 21 ದಾಟುತ್ತದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಸಾಮಾನ್ಯ ಜನರಿಗೆ ಹೊಸ ಸಾಲ ಕೊಡುವಾಗ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ ಬರೆದುಕೊಡಲೇಬೇಕು. ಆ ಹಾಳೆ ಕೇಳಿ ಪಡೆಯಿರಿ.

ಮನೆ ಸಾಲಕ್ಕೆ ಟಾಪ್‌ಅಪ್, ಅಂದರೆ ಅದರ ಮೇಲೇ ಇನ್ನಷ್ಟು ಸಾಲ, ತೆಗೆದು ಕಾರ್ಡು ತೀರಿಸಬಹುದಾ ಎಂದೂ ಕೇಳುತ್ತಾರೆ. ಬಡ್ಡಿ ಇಳಿಯುವುದು ನಿಜ. ಆದರೆ ಯಾವ ಒತ್ತೆಯೂ ಇಲ್ಲದಿದ್ದ ಸಾಲ ಆವತ್ತಿನಿಂದ ಮನೆಯ ಮೇಲೆ ಕೂರುತ್ತದೆ. ಕಾರ್ಡನ್ನು ಅವತ್ತೇ ರದ್ದು ಮಾಡಿಸುವವರಿಗೆ ಮಾತ್ರ ಸರಿ ಎನ್ನುತ್ತೇನೆ. ಕಾರ್ಡು ಪರ್ಸಿನಲ್ಲೇ ಉಳಿದ ಮನೆಗಳಲ್ಲಿ ಟಾಪ್‌ಅಪ್ಪೂ ಕಾರ್ಡೂ ಎರಡೂ ಬೆಳೆದದ್ದನ್ನು ಕಂಡಿದ್ದೇನೆ. ಅರ್ಧ ಕಟ್ಟಿದರೆ ಸಾಕು, ಸೆಟಲ್ ಮಾಡಿಸುತ್ತೇವೆ ಎಂದು ಫೋನ್ ಮಾಡುವವರ ಮಾತಿಗೂ ಒಪ್ಪಬೇಡಿ. ರಿಪೋರ್ಟಿನಲ್ಲಿ 'ಸೆಟಲ್ಡ್' ಎಂದು ದಾಖಲಾದರೆ ಮುಂದೆ ಮಕ್ಕಳ ಓದಿನ ಸಾಲಕ್ಕೂ ಅಡ್ಡಿ ಬರಬಹುದು. ಕಷ್ಟ ಇದ್ದರೆ ನೀವೇ ಬ್ಯಾಂಕಿಗೆ ಹೋಗಿ ಅವಧಿ ಹೆಚ್ಚಿಸಲು ಬರವಣಿಗೆಯಲ್ಲಿ ಕೇಳಿ.

ಸಂಘದ ಸಾಲದಲ್ಲಿರುವ ಹೆಣ್ಣುಮಕ್ಕಳಿಗೆ ಒಂದು ನಿಯಮ ಗೊತ್ತಿರಬೇಕು. ವರ್ಷದ ಆದಾಯ 3 ಲಕ್ಷದವರೆಗಿನ ಕುಟುಂಬಗಳಿಗೆ ಒತ್ತೆಯಿಲ್ಲದೆ ಕೊಡುವ ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ಮಿತಿ ಹಾಕಿದೆ: ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಈ ಅರ್ಧದ ಲೆಕ್ಕ ಎಲ್ಲ ಮನೆಗೂ ಒಳ್ಳೆಯ ಅಳತೆ, ಆದರೆ ಒಬ್ಬರ ಸಾಲ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಅಳೆಯುವುದಾದರೂ ಹೇಗೆ?

ಕಂತು ತಪ್ಪಿತೆಂದು ಯಾರೂ ನಿಮ್ಮನ್ನು ಬಾಯಿಗೆ ಬಂದಂತೆ ಬಯ್ಯುವ ಹಾಗಿಲ್ಲ. ಬ್ಯಾಂಕಿನ ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ಮೇಲೆ ಕರೆ ಮಾಡುವಂತಿಲ್ಲ. ಮೈಕ್ರೋಫೈನಾನ್ಸಿನವರಿಗೆ ಬೆಳಿಗ್ಗೆ 9ರಿಂದ ಸಂಜೆ 6. 2025ರ ಆರಂಭದಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಕಿರುಕುಳಕ್ಕೆ ಹೆದರಿ ಮನೆಗೆ ಬೀಗ ಹಾಕಿ ಹೋದವರ ಸುದ್ದಿ ಓದಿದ್ದೀರಿ. ಆಮೇಲೆ ಬಂದ ರಾಜ್ಯದ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಬ್ಯಾಂಕಿನ ವಿರುದ್ಧದ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಮಾಹಿತಿಗೆ 14448. ಇನ್ನೊಂದು: ಜೊತೆ ಸಾಲಗಾರರಾಗಿಯೋ ಜಾಮೀನಾಗಿಯೋ ಸಹಿ ಹಾಕದಿದ್ದರೆ ಗಂಡನ ವೈಯಕ್ತಿಕ ಸಾಲಕ್ಕೆ ಹೆಂಡತಿ ಹೊಣೆಯಲ್ಲ, ಹೆಂಡತಿಯದ್ದಕ್ಕೆ ಗಂಡನೂ ಅಲ್ಲ. ಹೆದರಿಸಿ ಸಹಿ ಹಾಕಿಸಿಕೊಳ್ಳಲು ಬಂದರೆ ಹಾಕಬೇಡಿ.

ಹೇಳಲೇಬೇಕು ಎಂದೆ. ಆದರೆ ಹೇಳಿದರೆ ಕೈ ಎತ್ತುವ ಗಂಡನಿರುವ ಮನೆಯಲ್ಲಿ ಒಬ್ಬರೇ ಕೂತು ಹೇಳಬೇಡಿ. ಅಣ್ಣನನ್ನೋ ಅಕ್ಕನನ್ನೋ ಪಕ್ಕದಲ್ಲಿರಿಸಿಕೊಳ್ಳಿ. ಮಹಿಳಾ ಸಹಾಯವಾಣಿ 181 ನಿಮ್ಮ ಕೈಯಲ್ಲಿರಲಿ. ಸಾಲ ಬೆಳೆದದ್ದು ಆನ್‌ಲೈನ್ ಜೂಜಿನಿಂದಾದರೆ ಲೆಕ್ಕದ ಹಾಳೆಯೊಂದೇ ಸಾಲದು. ದುಡ್ಡು ಕಟ್ಟಿ ಆಡುವ ಆ್ಯಪುಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಬಂದಿದೆ, ಆದರೆ ಕಾನೂನು ಬಂತೆಂದು ಚಟ ಬಿಡುವುದಿಲ್ಲ. ಅದಕ್ಕೆ ಚಿಕಿತ್ಸೆ ಬೇಕು. ಬದುಕೇ ಬೇಡ ಅನ್ನಿಸುವಷ್ಟು ಕುಗ್ಗಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಲಕ್ಕೆ ಯಾವತ್ತಾದರೂ ಒಂದು ದಾರಿ ಸಿಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಮಕ್ಕಳಿಗೆ ಹೇಳಬೇಕಾ ಎಂದೂ ಕೆಲವರು ಕೇಳುತ್ತಾರೆ. ಹೈಸ್ಕೂಲಿಗೆ ಬಂದ ಮಕ್ಕಳಿಗೆ ಈ ವರ್ಷ ಕೈ ಬಿಗಿ ಇದೆ, ಪ್ರವಾಸ ಇಲ್ಲ, ಹೊಸ ಫೋನ್ ಇಲ್ಲ ಎಂದು ನೇರವಾಗಿ ಹೇಳಿ; ಅವರು ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಮೊತ್ತ ಎಷ್ಟೆಂದು ಹೇಳುವ ಅಗತ್ಯವಿಲ್ಲ. ವಸೂಲಿಯವರು ಬಂದಾಗ ಮಾತ್ರ "ಅಪ್ಪ ಮನೇಲಿಲ್ಲ" ಎಂದು ಹೇಳಲು ಮಗುವನ್ನು ಬಾಗಿಲಿಗೆ ಕಳಿಸಬೇಡಿ. ಗಂಡ ಹೆಂಡತಿ ಇಬ್ಬರೂ ಹೋಗಿ, ಯಾವ ತಾರೀಖಿಗೆ ಎಷ್ಟು ಕಟ್ಟುತ್ತೀರೆಂದು ಹೇಳಿ, ಕಟ್ಟಿದ್ದಕ್ಕೆ ರಸೀದಿ ತೆಗೆದುಕೊಳ್ಳಿ.